ಆರು ಮಷೀನು, ಒಂದು ಖಾಲಿ ಭಾನುವಾರ

ಕರೆಂಟು ಹೋಗಬಹುದಿತ್ತು. ಹೋದಾಗ ಜನರೇಟರು ಚಾಲೂ ಆಗದೆ ಇರಬಹುದಿತ್ತು. ಚಾಲೂ ಆಗಿ, ಸರಿ, ಇನ್ನೇನೂ ಇಲ್ಲ ಎಂದು ನಾನು ಚಹಾಕ್ಕೆ ಹೋದ ಮೇಲೆ ನಿಲ್ಲಬಹುದಿತ್ತು. ಡಯಾಲಿಸಿಸ್ ಮಷೀನು ಹೊತ್ತ ಟೆಂಪೊ ನಾರಾಯಣಖೇಡದ ಯಾವುದೋ ರಸ್ತೆ ಉಬ್ಬಿನ ಮೇಲೆ ಎಗರಿ, ಮಷೀನಿನ ಹೊಟ್ಟೆಯೊಳಗಿನ ಪಂಪು ಸಡಿಲಾಗಬಹುದಿತ್ತು. ಹೊಸ ಕಟ್ಟಡದ ಬಾಗಿಲಲ್ಲಿ ಮಷೀನು ಹಿಡಿಸದೆ ಹೋಗಬಹುದಿತ್ತು; ನಾನು ಎರಡು ಸಲ ಅಳೆದಿದ್ದೆ, ಆದರೆ ಅಳೆದ ಟೇಪೇ ಜಗ್ಗಿಹೋಗಿರಬಹುದಿತ್ತು. ಹೊಸ ಬೋರಿನ ನೀರಿನಲ್ಲಿ ಉಪ್ಪು ಏರಬಹುದಿತ್ತು, ಮಣ್ಣು ಬರಬಹುದಿತ್ತು, ನೀರೇ ಬಾರದಿರಬಹುದಿತ್ತು. ಪೈಪಿನ ಜೋಡಣೆ ಬಿಚ್ಚಿಕೊಳ್ಳಬಹುದಿತ್ತು. ಪೈಪು ತೊಳೆಯಲು ಬಳಸಿದ ಔಷಧಿ ಒಳಗೇ ಒಂದಿಷ್ಟು ಉಳಿದು, ನೀರಿನ ಜೊತೆ ಹೋಗಿ, ಮನುಷ್ಯರ ರಕ್ತಕ್ಕೆ— ಈ ಸಾಲನ್ನು ನಾನು ಎಂದೂ ಪೂರ್ತಿ ಬರೆದಿಲ್ಲ. ಹೈದರಾಬಾದಿನಿಂದ ಬರಬೇಕಾದ ಟೆಕ್ನಿಷಿಯನ್‌ಗೆ ಜ್ವರ ಬರಬಹುದಿತ್ತು. ಅವನಿಗೆ ಬಾರದಿದ್ದರೆ ಅವನ ಹೆಂಡತಿಗೆ. ಯಾರಾದರೂ ಬಂದ್ ಕರೆಯಬಹುದಿತ್ತು. ಮಂತ್ರಿಗಳು ಬಂದು ರಸ್ತೆ ಮುಚ್ಚಿಸಬಹುದಿತ್ತು. ಮಳೆ. ಮದುವೆಯ ದಿಬ್ಬಣ. ಮಂಗ.

"ಮಂಗ ಯಾಕ್ರೀ?" ಎಂದು ಪಟ್ಟಿ ಓದುತ್ತಿದ್ದ ನಮ್ಮ ಮಾಲಕರು ತಲೆಯೆತ್ತಿದರು.

"ಝರಾಸಂಗಂದಾಗ ಸಾಲಿ ಮಾಳಿಗಿ ಮ್ಯಾಲಿನ ಪೈಪು ಕಿತ್ತಿದ್ವಲ್ರಿ."

"ಅದಾಗಿ ಎಷ್ಟು ವರ್ಷಾತು? ಆ ಮಂಗಗೋಳು ಸತ್ತೂ ಹೋಗಿರಬೇಕು."

"ಮಕ್ಕಳು ಮರಿ ಇರ್ತಾವಲ್ರಿ" ಎಂದೆ. ತಮಾಷೆಗೆ ಹೇಳಿದ್ದಲ್ಲ.

ಮಾಲಕರು ಜಹೀರಾಬಾದಿನಲ್ಲಿ ಸಣ್ಣದೊಂದು ಗುತ್ತಿಗೆ ಕಚೇರಿ ನಡೆಸುತ್ತಾರೆ. ಬೆಳಿಗ್ಗೆ ಲಿಂಗಪೂಜೆ ಮುಗಿಯುವತನಕ ಫೋನು ಮುಟ್ಟುವುದಿಲ್ಲ, ಮುಗಿದ ಮೇಲೆ ಕೆಳಗಿಡುವುದಿಲ್ಲ. ನಾನು ಅವರಲ್ಲಿ ಅಂದಾಜು ಮತ್ತು ವೇಳಾಪಟ್ಟಿ ಮಾಡುವವನು. ಯಾವ ಕೆಲಸ ಎಷ್ಟು ದಿನ ಹಿಡಿಯುತ್ತದೆ, ಯಾವುದರ ಹಿಂದೆ ಯಾವುದು, ಎಲ್ಲಿ ಕೈ ಕೊಡುತ್ತದೆ ಎಂದು ಮೊದಲೇ ಹೇಳುವುದಕ್ಕೆ ನನಗೆ ಸಂಬಳ. ಬೇರೆಯವರು ಚಿಂತೆ ಮಾಡಿ ಬಿ.ಪಿ. ತಂದುಕೊಳ್ಳುತ್ತಾರೆ, ನಾನು ಸಂಬಳ ತಗೊಂಡು ಬಿ.ಪಿ. ತಂದುಕೊಂಡೆ. ವ್ಯತ್ಯಾಸ ಅಷ್ಟೆ.

ಈ ಸಲದ ಕೆಲಸ ನಾರಾಯಣಖೇಡದ್ದು. ಅಲ್ಲಿ ಬಾಡಿಗೆ ಮನೆಯೊಂದರಲ್ಲಿ ಆರು ಮಷೀನಿನ ಡಯಾಲಿಸಿಸ್ ಕೇಂದ್ರವಿತ್ತು. ಕಿಡ್ನಿ ನಿಂತವರ ರಕ್ತ ತೊಳೆದು, ಮೈಯಲ್ಲಿ ತುಂಬಿದ ನೀರು ತೆಗೆಯುವ ಜಾಗ. ಮನೆಯ ಮಾಲೀಕರಿಗೆ ಆ ಜಾಗದಲ್ಲಿ ಬಟ್ಟೆ ಅಂಗಡಿ ತೆರೆಯಬೇಕಿತ್ತು. ತಿಂಗಳ ಕೊನೆಯೊಳಗೆ ಬಿಡಿ ಎಂದಿದ್ದರು. ಮಾರ್ಕೆಟ್ಟಿನ ಆಚೆ ಹೊಸ ಕಟ್ಟಡ ಸಿದ್ಧವಾಗುತ್ತಿತ್ತು. ಆರೂ ಮಷೀನು, ಅವಕ್ಕೆ ನೀರು ಶುದ್ಧ ಮಾಡಿಕೊಡುವ ಪ್ಲಾಂಟು, ಹಾಸಿಗೆ, ಸಾಮಾನು ಎಲ್ಲವನ್ನೂ ಅಲ್ಲಿಗೆ ಒಯ್ದು ಕೂರಿಸಬೇಕು. ಆದರೆ ಒಬ್ಬ ರೋಗಿಗೂ ಒಂದು ಪಾಳಿ ತಪ್ಪಬಾರದು. ಇದು ಕರಾರಿನ ಮಾತು.

ರೋಗಿಗಳದು ಎರಡು ಗುಂಪು. ಒಂದು ಗುಂಪು ಸೋಮ, ಬುಧ, ಶುಕ್ರ ಬರುತ್ತದೆ. ಇನ್ನೊಂದು ಮಂಗಳ, ಗುರು, ಶನಿ. ದಿನಕ್ಕೆ ಬೆಳಗಿನ ಪಾಳಿ, ಮಧ್ಯಾಹ್ನದ ಪಾಳಿ. ಭಾನುವಾರ ಬಾಗಿಲು ಹಾಕಿರುತ್ತದೆ. ಹಾಗಾಗಿ ನನ್ನ ಕಣ್ಣು ನೇರ ಭಾನುವಾರದ ಮೇಲೆ ಹೋಯಿತು. ಯಾರ ಕಣ್ಣಾದರೂ ಹೋಗುತ್ತಿತ್ತು. ವೇಳಾಪಟ್ಟಿಯಲ್ಲಿ ಅದೊಂದೇ ಚೌಕ ಖಾಲಿ, ಬೆಳ್ಳಗೆ.

ನಾನು ಸೋಮವಾರ ಬೆಳಿಗ್ಗೆಯಿಂದ ಹಿಂದಕ್ಕೆ ಬರೆಯುತ್ತ ಬಂದೆ. ರೋಗಿ ಮಲಗುವ ಮೊದಲು ಮಷೀನು ಪರೀಕ್ಷೆ ಆಗಿರಬೇಕು. ಅದಕ್ಕೆ ಮೊದಲು ನೀರಿನ ಪರೀಕ್ಷೆ. ಅದಕ್ಕೆ ಮೊದಲು ಪೈಪು ಔಷಧಿಯಿಂದ ತೊಳೆದು, ಆಮೇಲೆ ಆ ಔಷಧಿಯನ್ನೇ ತೊಳೆದು ಹೊರಹಾಕಬೇಕು. ಅದಕ್ಕೂ ಮೊದಲು ಪ್ಲಾಂಟು ಕೂತಿರಬೇಕು, ಪ್ಲಾಂಟು ಕೂರಬೇಕಾದರೆ ಆ ಕೋಣೆಯ ನೆಲ ಆಗಿರಬೇಕು. ಮಷೀನು ಸಾಗಿಸುವುದು ಎಲ್ಲರ ಕಣ್ಣಿಗೆ ಬೀಳುವ ಕೆಲಸ; ಜನ ನಿಂತು ನೋಡುತ್ತಾರೆ, ಸಲಹೆ ಕೊಡುತ್ತಾರೆ. ಆದರೆ ಹೊತ್ತು ತಿನ್ನುವುದು ನೀರು. ನೆಲ, ಪ್ಲಾಂಟು, ಪೈಪು, ನೀರು, ಈ ಸರಪಳಿಯಲ್ಲಿ ಒಂದು ಕೊಂಡಿ ತಡವಾದರೂ ಸೋಮವಾರ ತಡವಾಗುತ್ತದೆ. ಉಳಿದದ್ದೆಲ್ಲ ಆಚೀಚೆ ಆದರೂ ನಡೆಯುತ್ತದೆ.

ಪ್ರತಿ ಕೆಲಸಕ್ಕೂ ನಾನು ಮೂರು ಅಂದಾಜು ಬರೆಯುತ್ತೇನೆ: ಎಲ್ಲ ಸರಿ ಹೋದರೆ, ಸಾಮಾನ್ಯವಾಗಿ ಹೋದರೆ, ಕೆಟ್ಟರೆ. ಮೂರನ್ನೂ ಬೆರೆಸಿ ಒಂದು ಹದಕ್ಕೆ ತರುವುದು ರೂಢಿ. ನನ್ನ ಕೈಯಲ್ಲಿ ಮಾತ್ರ ಕೆಟ್ಟರೆ ಎಂಬ ಕಾಲಮ್ಮು ಉಳಿದೆರಡನ್ನು ನುಂಗಿಬಿಡುತ್ತದೆ. ಮಾಲಕರಿಗೆ ಇದು ಗೊತ್ತು. ನಾನು ಬರೆದದ್ದನ್ನು ಅವರು ಅರ್ಧ ಮಾಡುತ್ತಾರೆ. ಅವರು ಅರ್ಧ ಮಾಡುತ್ತಾರೆಂದು ನಾನು ದುಪ್ಪಟ್ಟು ಬರೆಯುತ್ತೇನೆ. ನಾನು ದುಪ್ಪಟ್ಟು ಬರೆಯುತ್ತೇನೆಂದೂ ಅವರಿಗೆ ಗೊತ್ತು. ಹೀಗೆ ವರ್ಷಗಳಿಂದ ಇಬ್ಬರೂ ಸುಳ್ಳು ಹೇಳಿಕೊಂಡು ಸುಮಾರಾಗಿ ಸತ್ಯದ ಹತ್ತಿರವೇ ಇದ್ದೇವೆ.

ಮೊದಲ ಕೊಂಡಿ ನೆಲ. ಪ್ಲಾಂಟಿನ ಕೋಣೆಗೆ ತಾಂಡೂರಿನ ಪರ್ಸಿ ಕಲ್ಲು ಹಾಸಬೇಕಿತ್ತು, ಮೋರಿಯ ಕಡೆಗೆ ಇಳಿಜಾರು ಕೊಟ್ಟು. ಮೇಸ್ತ್ರಿಯೂ ತಾಂಡೂರಿನವರೇ. ಒಳ್ಳೆಯ ಕೆಲಸಗಾರ, ಫೋನಿನಲ್ಲಿ ಮಾತ್ರ ಮಾತು ಕಡಿಮೆ. ಹಿಂದೆ ಕಲ್ಲು ಕೊರೆಯುವ ಮಷೀನಿನ ಕಿರ್ರೆನ್ನುವ ಸದ್ದು ಯಾವಾಗಲೂ ಇರುತ್ತದೆ. ಕೂಗಿ ಕೂಗಿ ಒಂದೊಂದೇ ಶಬ್ದಕ್ಕೆ ಬಂದು ನಿಂತಿದ್ದಾರೆ. ಒಂದು ಮಂಗಳವಾರ ಜಹೀರಾಬಾದಿನಿಂದ ಕೇಳಿದೆ.

"ಜೈಭೀಮ್ ಸರ್, ಹೇಳ್ರಿ."

"ಮೇಸ್ತ್ರಿ, ಖೇಡದ್ದು ಪರ್ಸಿ?"

"ಪರ್ಸೋಂ, ಸರ್!"

ಕಿರ್ರ್. ಫೋನು ಕಟ್ಟಾಯಿತು. ನಾನು ನೆಲದ ಚೌಕಕ್ಕೆ ಹಸಿರು ಬಣ್ಣ ಹಚ್ಚಿದೆ. ಮೊನ್ನೆ ಮುಗಿಸಿ ತಾಂಡೂರಿಗೆ ಮರಳಿದ್ದಾರೆ, ಅಲ್ಲಿ ಬೇರೆ ಕೆಲಸ ಹಿಡಿದಿದ್ದಾರೆ, ಅದೇ ಆ ಸದ್ದು. ಎಲ್ಲ ಕೂಡಿ ಬಂತು. ಆ ಮಧ್ಯಾಹ್ನ ಊಟವೂ ರುಚಿಸಿತು.

ಗುರುವಾರ ಹೈದರಾಬಾದಿನ ಟೆಕ್ನಿಷಿಯನ್‌ನನ್ನು ಕರೆದುಕೊಂಡು ನಾರಾಯಣಖೇಡಕ್ಕೆ ಹೋದೆ, ಪ್ಲಾಂಟು ಕೂರುವ ಜಾಗಕ್ಕೆ ಗುರುತು ಹಾಕಲು. ಬಾಗಿಲು ತೆರೆದರೆ ಬರಿ ಕಾಂಕ್ರೀಟು. ಪರ್ಸಿಗಳು ಗೋಡೆಗೆ ಒರಗಿ ಸಾಲಾಗಿ ನಿಂತಿದ್ದವು, ಬಸ್ಸಿಗೆ ಕಾದವರಂತೆ. ಮೇಲೆ ಕಾವಲುಗಾರ ಟವೆಲ್ ಒಣಹಾಕಿದ್ದ. ಟೆಕ್ನಿಷಿಯನ್ ನನ್ನ ಮುಖ ನೋಡಿದ. ನಾನು ಟವೆಲ್ ನೋಡಿದೆ.

ಫೋನು ಹಚ್ಚಿದೆ. "ಮೇಸ್ತ್ರಿ, ಪರ್ಸೋಂ ಆತು ಅಂದಿದ್ರಲ್ರೀ!"

"ಆತು ಅಂತ ಎಲ್ಲಿ ಅಂದೀನ್ರಿ ಸರ? ಪರ್ಸೋಂ ಅಂದೀನಿ. ಇವತ್ತು ಬರೋನಿದ್ದೆ, ಇಲ್ಲಿ ತಾಂಡೂರಿಂದು ಮುಗಿದಿಲ್ಲ."

"ಪರ್ಸೋಂ ಅಂದ್ರ ಮೊನ್ನೆನೂ ಆಗ್ತದಲ್ರೀ!"

"ನಾಡಿದ್ದೂ ಆಗ್ತದಲ್ರೀ. ನಿಮಗ್ಯಾಕ ಮೊನ್ನೇನೇ ಬೇಕಾಗಿತ್ತು?"

ನಮ್ಮ ಕಡೆ ಕನ್ನಡ, ತೆಲುಗು, ದಖನಿ ಉರ್ದು ಮೂರೂ ಒಂದೇ ಬಾಯಿಯಲ್ಲಿ ಓಡಾಡುತ್ತವೆ. ಯಾವುದು ಯಾವಾಗ ಹೊರಬೀಳುತ್ತದೆಂದು ಆಡುವವರಿಗೂ ಗೊತ್ತಿರುವುದಿಲ್ಲ. ದಖನಿಯ ಕಲ್ ನಿನ್ನೆಯೂ ಹೌದು, ನಾಳೆಯೂ ಹೌದು. ಪರ್ಸೋಂ ಅಂದರೆ ಮೊನ್ನೆ, ನಾಡಿದ್ದು, ಒಮ್ಮೊಮ್ಮೆ ಹೋದ ವರ್ಷ. ಮುಂದೆ ಒಂದು ಕ್ರಿಯಾಪದವಿದ್ದರೆ ಯಾರಿಗೂ ಗೊಂದಲವಿಲ್ಲ. ಆದರೆ ಕಲ್ಲು ಕೊರೆಯುವ ಸದ್ದಿನ ನಡುವೆ ಕ್ರಿಯಾಪದಕ್ಕೆ ಪುರುಸೊತ್ತು ಎಲ್ಲಿ? ಹುಟ್ಟಿದಾಗಿನಿಂದ ಈ ಮಾತು ಕೇಳುತ್ತ ಬೆಳೆದವನು ನಾನು. ಹೊರಗಿನವನಾಗಿದ್ದರೆ ಯಾವ ಪರ್ಸೋಂ ಎಂದು ಕೇಳುತ್ತಿದ್ದೆ. ಒಂದು ಕೆಲಸವಾದರೂ ಮುಗಿದಿದೆ ಎಂದು ನಂಬುವ ಆಸೆ ಚಿಂತೆ ಮಾಡುವವನಿಗೆ ಉಳಿದವರಿಗಿಂತ ಹೆಚ್ಚು. ಮೇಸ್ತ್ರಿ ನಾಡಿದ್ದು ಕೊಟ್ಟರು, ನಾನು ಮೊನ್ನೆ ತಗೊಂಡೆ.

ಅಂದಿನಿಂದ ಈ ಕೆಲಸದ ಮಟ್ಟಿಗೆ ಕಲ್, ಪರ್ಸೋಂ ಎರಡನ್ನೂ ನಿಷೇಧಿಸಿದೆ. ವಾರದ ಹೆಸರು ಹೇಳಬೇಕು, ಜೊತೆಗೆ ಆಗ್ಯಾದ ಅಥವಾ ಆಗಬೇಕು ಎಂಬ ಮಾತು ಸೇರಿಸಬೇಕು. ಫಲ ಏನೆಂದರೆ, ನನಗೆ ಪರ್ಸೋಂ ಸಾಹೇಬ್ರು ಎಂದು ಹೆಸರು ಬಿತ್ತು.

ಆ ಭಾನುವಾರ ಹೋಯಿತು. ಮೇಸ್ತ್ರಿ ಶುಕ್ರವಾರ ಬಂದು ನೆಲ ಹಾಸಿದರು, ಚೆನ್ನಾಗಿಯೇ ಹಾಸಿದರು. ಆದರೆ ಕೆಳಗಿನ ಸಿಮೆಂಟು ಗಿಲಾವು ಬಿಗಿಯುವ ಮೊದಲು ಅಷ್ಟು ಭಾರದ ಪ್ಲಾಂಟು ಹೊರಿಸುವಂತಿಲ್ಲ. ಉಳಿದದ್ದು ಮುಂದಿನ ಭಾನುವಾರ, ಹಳೇ ಮನೆ ಬಿಡುವ ಮೊದಲಿನ ಕೊನೆಯ ಭಾನುವಾರ. ಅದರ ಹಿಂದೆ ಮುಂದೆ ಸಡಿಲು ಎಂಬುದೇ ಇಲ್ಲ. ಸಡಿಲು ಎಂದರೆ ಒಂದು ಕೆಲಸ ತಡವಾದರೂ ಕೊನೆಯ ದಿನ ಅಲುಗಾಡದಷ್ಟು ಬಿಡುವು. ನನ್ನಂಥವರು ಅದನ್ನೇ ತಿಂದು ಬದುಕುವವರು.

ಸೋಮವಾರ ಬೆಳಿಗ್ಗೆ ಮತ್ತೆ ನಾರಾಯಣಖೇಡ. ಬಸ್ಸಿನಲ್ಲಿ ಸೊಂಟ ಹಿಡಿದಿತ್ತು. ಹಳೇ ಮನೆಯ ವರಾಂಡದಲ್ಲಿ ಪೈಪು ಎಲ್ಲಿ ಬಿಚ್ಚಬೇಕೆಂದು ನೋಡುತ್ತಿದ್ದೆ. ಬೆಳಗಿನ ಪಾಳಿಯವರು ಒಬ್ಬೊಬ್ಬರೇ ಬರುತ್ತಿದ್ದರು. ಬಂದವರು ಚಪ್ಪಲಿ ಬಿಟ್ಟು, ಬಾಗಿಲ ಪಕ್ಕದ ತೂಕದ ಮಷೀನಿನ ಮೇಲೆ ನಿಂತು, ಬಿದ್ದ ಅಂಕಿಯನ್ನು ಒಳಗಿದ್ದ ಸಿಸ್ಟರ್‌ಗೆ ಕೂಗಿ ಹೇಳಿ ಒಳಗೆ ಹೋಗುವುದು. ಸಿರ್ಗಾಪುರದ ಒಬ್ಬ ಹೆಂಗಸು ಆಟೋದಿಂದ ಇಳಿದರು. ನಾರಾಯಣಖೇಡದ ಮಾರ್ಕೆಟ್ಟಿನಲ್ಲಿ ಬಳೆ ಅಂಗಡಿ ಅವರದು. ವಾರಕ್ಕೆ ಮೂರು ಹಗಲು ಶಟರ್ ಹಾಕಿರುತ್ತಾರೆ. ಎಲ್ಲರಿಗೂ ಅವರು ಅಕ್ಕ. ಮುಖ ಊದಿತ್ತು. ಆಟೋದಿಂದ ಮೆಟ್ಟಿಲಿಗೆ ಬರುವಷ್ಟರಲ್ಲಿ ಎರಡು ಸಲ ನಿಂತರು. ತೂಕದ ಮೇಲೆ ಹತ್ತಿ, ಅಂಕಿ ನೋಡಿ, ನನ್ನ ಕಡೆ ತಿರುಗಿದರು.

"ನೋಡ್ರಿ ಸಾಹೇಬ್ರ. ಶುಕ್ರಾರ ಇಲ್ಲಿಂದ ಹೋಗೋವಾಗಿಂದ ಮೂರು ಕಿಲೋ ಮ್ಯಾಲ. ಮೂರೂ ನೀರ."

"ಇಷ್ಟು ಯಾವಾಗಲೂ ಇರ್ತದೇನಕ್ಕಾ?"

"ಬುಧವಾರ, ಶುಕ್ರಾರ ಇಷ್ಟಿರಲ್ಲ. ನಡುವ ಒಂದ ದಿನ ಅಲ್ಲೇನು. ಸೋಮಾರ ಹಿಂಗ. ಶನಿವಾರ ತಡೀತೀನಿ. ಐತ್ವಾರ ಮಧ್ಯಾಹ್ನಕ್ಕ ನಾಲಿಗಿ ಕಟ್ಟಿಗಿ ಆಗ್ತದ. ಐಸಿಂದೊಂದು ತುಣುಕು ಬಾಯಾಗ ಇಟ್ಕೊಂಡು ಕುಂದರ್ತೀನಿ, ಅದೂ ನೀರೇ ಅಂತ ಸಿಸ್ಟರ್ ಬೈತಾರ. ಮಲಗಿದ್ರ ಉಸಿರು ಹತ್ತಂಗಿಲ್ಲ, ಗ್ವಾಡಿಗಿ ಒರಗಿ ಕುಂತೇ ಬೆಳಗ ಮಾಡೋದು." ಸ್ವಲ್ಪ ಸುಧಾರಿಸಿಕೊಂಡರು. "ಐತ್ವಾರ ಸಾಮಾನೆಲ್ಲ ಸಾಗಸ್ತೀರಂತ. ಮರುದಿನ ಸೋಮಾರ ಮಷೀನ್ ಇರ್ತದೋ ಇಲ್ಲೋ?"

"ಇರ್ತದಂತ ನಮ್ಮ ಅಂದಾಜು" ಎಂದೆ.

"ಅಂದಾಜು ಬಳಿ ಸೈಜಿಗಿ ಹೇಳ್ರಿ" ಎಂದರು ಅಕ್ಕ. "ಏರಸೋವಾಗ ಒಡದ್ರ ಬ್ಯಾರೆ ಬಳಿ ಕೊಡ್ತೀನಿ."

ಒಳಗೆ ಹೋದರು. ನಾನು ತೂಕದ ಮಷೀನನ್ನೇ ನೋಡುತ್ತ ನಿಂತೆ. ಅಂಕಿ ಸೊನ್ನೆಗೆ ಮರಳಿತ್ತು.

ಭಾನುವಾರದ ಚೌಕವನ್ನು ನಾನು ಖಾಲಿ ಎಂದು ಬರೆದಿದ್ದೆ. ಖಾಲಿ ನನಗೆ. ಅಕ್ಕನ ಲೆಕ್ಕದಲ್ಲಿ ಅದು ಶುಕ್ರವಾರದಿಂದ ತುಂಬುತ್ತ ಬಂದು ಸೋಮವಾರ ಬೆಳಿಗ್ಗೆ ತುಳುಕುವ ದಿನ. ವಾರದಲ್ಲಿ ಅತಿ ಉದ್ದದ ಕಾಯುವಿಕೆ ಅದು. ಅದರ ಬಾಲಕ್ಕೆ ನಾನು ನನ್ನ ಅತಿ ಅಪಾಯದ ಕೆಲಸವನ್ನು ಕಟ್ಟಿದ್ದೆ. ಆ ಸೋಮವಾರ ಬೆಳಿಗ್ಗೆ ನೀರಿನ ಪರೀಕ್ಷೆ ಸರಿ ಬಾರದಿದ್ದರೆ, ಒಂದು ದಿನವೂ ತಡೆಯಲಾರದ ಆರು ಜನ ಮೆಟ್ಟಿಲ ಮೇಲೆ ಕೂತಿರುತ್ತಾರೆ, ಮಧ್ಯಾಹ್ನಕ್ಕೆ ಇನ್ನಾರು ಜನ. ಹಿಂದಕ್ಕೆ ಕಳಿಸಲು ಹಳೇ ಜಾಗವೂ ಇರುವುದಿಲ್ಲ, ಎಲ್ಲ ಬಿಚ್ಚಿ ತಂದಿರುತ್ತೇವೆ. ಪಟ್ಟಿಯಲ್ಲಿ ಮಂಗ ಇತ್ತು, ಇದು ಇರಲಿಲ್ಲ. ಸಡಿಲು ಸಡಿಲು ಎಂದು ನಾನು ಎಣಿಸುತ್ತಿದ್ದುದು ನನ್ನದಾಗಿರಲೇ ಇಲ್ಲ. ಅಕ್ಕ ಅದನ್ನು ಆಗಲೇ ಪೂರ್ತಿ ಖರ್ಚು ಮಾಡಿಯಾಗಿತ್ತು, ಐಸಿನ ತುಣುಕು ಸಮೇತ.

ಪಾಳಿ ಶುರುವಾದ ಮೇಲೆ ಸಿಸ್ಟರ್ ಹತ್ತಿರ ಕೂತೆ. ಕೇಂದ್ರದ ಉಸ್ತುವಾರಿ ಅವರದೇ. ನ್ಯಾಲ್ಕಲ್ ಕಡೆಯವರು, ಮಾತಿಗೆ ಮುಂಚೆ ಕೈ ತೊಳೆದುಕೊಳ್ಳುವ ಅಭ್ಯಾಸ.

"ಒಂದೇ ಸಲ ಬ್ಯಾಡ್ರಿ" ಎಂದೆ. "ಅರ್ಧ ಅರ್ಧ ಒಯ್ಯೋಣ. ಮೂರು ಮಷೀನು ಅಲ್ಲಿ, ಮೂರು ಇಲ್ಲಿ. ಅದೂ ವಾರದ ನಡುವ."

"ಪ್ಲಾಂಟು ಒಂದೇ ಅದಲ್ರಿ. ಅದನ್ನ ಹ್ಯಾಂಗ ಅರ್ಧ ಮಾಡ್ತೀರಿ?"

"ಜಹೀರಾಬಾದ್ ಸೆಂಟರಿನಾಗ ಸಣ್ಣದೊಂದು ಪ್ಲಾಂಟು ಸುಮ್ಮನ ನಿಂತದ. ಹೆಚ್ಚಿಗಿಂದು. ನೀವು ಕೇಳಿದ್ರ ಕೊಡ್ತಾರ."

ಸಿಸ್ಟರ್ ಯೋಚಿಸಿದರು. ಸಣ್ಣ ಪ್ಲಾಂಟಿಗೆ ಪರ್ಸಿಯ ನೆಲ ಬೇಕಿಲ್ಲ, ಹೊಸ ಕಟ್ಟಡದಲ್ಲಿ ಬಟ್ಟೆ ಇಡುವ ಕೋಣೆ ಸಾಕು. ಇವತ್ತೇ ತಂದು ಕೂರಿಸಿದರೆ ಪೈಪು ತೊಳೆದು, ನೀರಿನ ಮಾದರಿ ಹೈದರಾಬಾದಿನ ಲ್ಯಾಬಿಗೆ ಕಳಿಸಿ, ವರದಿ ಕೈಗೆ ಬಂದ ಮೇಲೆಯೇ ರೋಗಿಯನ್ನು ಮಲಗಿಸಬಹುದು. ಮನೆ ಬಿಡುವ ದಿನಕ್ಕೆ ಇನ್ನೊಂದು ಗುರುವಾರ ಉಳಿದಿತ್ತು. ಗುರುವಾರದ ಗುಂಪು ಮಂಗಳವಾರ ಬಂದು ಹೋದವರು. ಮೈಯಲ್ಲಿ ನೀರು ಕಡಿಮೆ. ಹೊಸ ಜಾಗದಲ್ಲಿ ಏನಾದರೂ ಕೆಟ್ಟರೆ ಹಳೇ ಜಾಗದಲ್ಲಿ ಪಾಳಿ ಮುಗಿಯುವ ತನಕ ಕಾಯಬಲ್ಲರು. ಕೊನೆಗೆ ಭಾನುವಾರ ದೊಡ್ಡ ಪ್ಲಾಂಟು ತರುವಾಗ ಎಡವಟ್ಟಾದರೂ ಸೋಮವಾರಕ್ಕೆ ಮೂರು ಮಷೀನಾದರೂ ನಡೆಯುತ್ತಿರುತ್ತವೆ.

"ಡಾಕ್ಟರ್ ಸಾಹೇಬ್ರಿಗಿ ನಾ ಹೇಳ್ತೀನಿ" ಎಂದರು ಸಿಸ್ಟರ್. "ಎರಡು ಕಡಿ ಓಡ್ಯಾಡಾಕ ನನಗೂ ಒಬ್ಬರು ಜಾಸ್ತಿ ಬೇಕು. ಪ್ಲಾಂಟಿನ ಜೋಡಿ ಅವರನ್ನೂ ಜಹೀರಾಬಾದಿಂದ ಕೇಳ್ತೀನಿ. ನಿಮ್ಮ ಮಾಲಕರಿಗಿ ನೀವ ಹೇಳ್ರಿ."

ಮಾಲಕರಿಗೆ ಹೇಳುವುದು ಇತ್ತು.

"ಒಂದ ಸಲ ಹೊತ್ತು ಇಡೋ ಸಾಮಾನು ಎರಡ ಸಲ ಹೊರಸ್ತೀರಲ್ರೀ!" ಎಂದರು ಫೋನಿನಲ್ಲಿ. "ಒಂದು ದಿನದ ಕೆಲಸ ಒಂದು ವಾರ! ನೀವು ಪ್ಲಾನಿಂಗ್ ಮಾಡೋರೋ, ಹಮಾಲರ ಸಂಘದೋರೋ?"

"ಒಂದೇ ಸಲ ಮಾಡಿದ್ರ ಸೋಮಾರಕ್ಕ ಜಾಮೀನಿಲ್ರಿ."

"ಜಾಮೀನು ಯಾವಾಗ ಇತ್ತು ನಿಮ್ಮ ಹತ್ರ? ನೀವು ನನ್ನ ಮಗಳ ಮದುವ್ಯಾಗೂ ಪೆಂಡಾಲ್ ಬೀಳ್ತದ ಅಂತ ತಿರಗಾಡಿದೋರು."

ಅದು ನಿಜ. ಪೆಂಡಾಲ್ ಬೀಳಲಿಲ್ಲ, ಅದಕ್ಕೆ ನಾನು ಕಂಬಗಳಿಗೆ ಹೆಚ್ಚಿನ ಹಗ್ಗ ಕಟ್ಟಿಸಿದ್ದೇ ಕಾರಣ ಎಂದು ಇಂದಿಗೂ ನಂಬಿದ್ದೇನೆ. ಆದರೆ ವಾದಿಸುವ ಕಸುವು ಇರಲಿಲ್ಲ. "ಹಂಗಾದ್ರ ಸೋಮಾರ ತಪ್ಪಿದ್ರ ಇಲ್ಲಿ ಬಳಿ ಅಂಗಡಿ ಅಕ್ಕಗ ನೀವೇ ಫೋನ್ ಮಾಡಿ ಹೇಳ್ರಿ. ನಂಬರ್ ಕಳಸ್ತೀನಿ" ಎಂದೆ.

ಅವರ ಹೆಂಡತಿ ಬಳೆ ಇಡಿಸಿಕೊಳ್ಳುವುದು ಆ ಅಂಗಡಿಯಲ್ಲೇ ಎಂದು ನನಗೆ ಆಮೇಲೆ ತಿಳಿಯಿತು.

"ಆತು, ಮಾಡ್ರಿ" ಎಂದರು. "ಆದ್ರ ಆ ಮಂಗನ್ನ ಪಟ್ಟ್ಯಾಗಿಂದ ತೆಗೀರಿ. ಯಾರರ ನೋಡಿದ್ರ ನಗ್ತಾರ."

ತೆಗೆಯಲಿಲ್ಲ. ಆದರೆ ಬೇರೊಂದನ್ನು ಮಾಡಿದೆ. ಪ್ರತಿ ಕೆಲಸದ ಹೊಟ್ಟೆಯಲ್ಲೂ ಬಚ್ಚಿಟ್ಟಿದ್ದ ನನ್ನ ಹೆಚ್ಚುವರಿ ಗಂಟೆಗಳನ್ನೆಲ್ಲ ಹೊರತೆಗೆದು ಒಂದೇ ಕಡೆ ಗುಡ್ಡೆ ಹಾಕಿದೆ, ಸೋಮವಾರದ ಬಾಗಿಲಿಗೆ. ಅಂದಾಜುಗಳು ಮೊದಲ ಸಲ ಬತ್ತಲೆ ನಿಂತವು. ಬಚ್ಚಿಟ್ಟ ಗಂಟೆಗೆ ಒಂದು ರೋಗ, ಕೆಲಸ ಹಿಗ್ಗಿ ಅದನ್ನು ತಿಂದುಬಿಡುತ್ತದೆ, ಬೇಕಾದಾಗ ಇರುವುದಿಲ್ಲ. ಎಲ್ಲರಿಗೂ ಕಾಣುವಂತೆ ಒಂದೇ ಕಡೆ ಇಟ್ಟರೆ ಮುಟ್ಟುವವನು ಕೇಳಿ ಮುಟ್ಟುತ್ತಾನೆ. ಇದನ್ನು ನಾನು ಬೇರೆಯವರಿಗೆ ಹೇಳಿಕೊಡುತ್ತ ಬಂದು ಸುಮಾರು ವರ್ಷವಾಗಿತ್ತು. ಸ್ವತಃ ಮಾಡಲು ಧೈರ್ಯ ಸಾಲಿರಲಿಲ್ಲ.

ಆ ವಾರದ ಬಗ್ಗೆ ಹೆಚ್ಚು ಹೇಳಲು ಇಲ್ಲ. ಓಡಾಟ, ಬೆವರು, ಆ್ಯಸಿಡಿಟಿ ಮಾತ್ರೆ. ಸಣ್ಣ ಪ್ಲಾಂಟು ಜಹೀರಾಬಾದಿನಿಂದ ಟೆಂಪೊದಲ್ಲಿ ಬಂತು. ನಾನು ಹಿಂದೆ ಅದರ ಪಕ್ಕ ಕೂತು, ಪ್ರತಿ ಉಬ್ಬಿಗೂ ಅದನ್ನು ತಬ್ಬಿಕೊಂಡು ಬಂದೆ. ಪೈಪು ತೊಳೆದೆವು, ತೊಳೆದದ್ದನ್ನು ತೊಳೆದೆವು. ಮಾದರಿ ಹೋಯಿತು, ವರದಿ ಬಂತು, ಡಾಕ್ಟರು ಸರಿ ಎಂದರು. ಬುಧವಾರ ಮಧ್ಯಾಹ್ನದ ಪಾಳಿ ಮುಗಿದೊಡನೆ ಮೂರು ಮಷೀನು ಹೊಸ ಕಟ್ಟಡಕ್ಕೆ ದಾಟಿದವು. ಬಾಗಿಲಲ್ಲಿ ಹಿಡಿಸಿದವು. ಟೇಪು ಸರಿಯಾಗಿಯೇ ಇತ್ತು.

ಗುರುವಾರ ಬೆಳಿಗ್ಗೆ ಮೂವರು ಹೊಸ ಹಾಸಿಗೆಗಳ ಮೇಲೆ ಮಲಗಿದರು. ಹಳೇ ಜಾಗದಲ್ಲಿ ತೂಕ ನೋಡಿಸಿಕೊಂಡು ಅದೇ ಆಟೋದಲ್ಲಿ ಬಂದಿದ್ದರು. ಅರ್ಧ ಪಾಳಿಗೆ ಮೂರನೆಯ ಮಷೀನು ಕೂಗಿಕೊಂಡಿತು: ನೀರಿನ ಒತ್ತಡ ಇಳಿಯುತ್ತಿದೆ. ಸಿಸ್ಟರ್ ಆ ರೋಗಿಯ ಡಯಾಲಿಸಿಸ್ ಅನ್ನು ಸುರಕ್ಷಿತವಾಗಿ ತಡೆದು ನಿಲ್ಲಿಸಿದರು. ನೋಡಿದರೆ ಹೊಸ ಬೋರಿನ ನುಣುಪು ಮಣ್ಣು ಬಂದು ಪ್ಲಾಂಟಿನ ಮುಂದಿದ್ದ ಫಿಲ್ಟರ್ ಕಟ್ಟಿಕೊಂಡಿತ್ತು. ಹೆಚ್ಚಿನ ಫಿಲ್ಟರ್ ನನ್ನ ಚೀಲದಲ್ಲೇ ಇತ್ತು. ಬದಲಾಯಿಸಿದೆವು, ಒತ್ತಡ ಏರಿತು, ಮಷೀನು ಸುಮ್ಮನಾಯಿತು. ಶನಿವಾರದೊಳಗೆ ದೊಡ್ಡ ಪ್ಲಾಂಟಿನ ಮುಂದೆ ಇನ್ನೊಂದು ಫಿಲ್ಟರ್ ಕೂರಿಸುವುದೆಂದೂ ತೀರ್ಮಾನವಾಯಿತು. ಇದನ್ನು ನಾನು ತಪ್ಪಿದ್ದು ಎಂದು ಎಣಿಸುವುದಿಲ್ಲ. ಮಣ್ಣು ಪಟ್ಟಿಯಲ್ಲಿತ್ತು. ಕರೆದ ನೆಂಟರು ಬಂದರು, ಉಂಡರು, ಹೋದರು.

ಹಳೆಯ ಯೋಜನೆಯಂತೆ ಹೋಗಿದ್ದರೆ ಆ ಮಣ್ಣು ಸೋಮವಾರ ಬೆಳಿಗ್ಗೆ ಬರುತ್ತಿತ್ತು, ಆರೂ ಮಷೀನಿಗೆ ಒಂದೇ ಸಲ. ಅಂದು ಬಸ್ಸಿನಲ್ಲಿ ವಾಪಸ್ ಬರುವಾಗ ಈ ಯೋಚನೆ ಬಂತು. ಸಮಾಧಾನವಾಗಬೇಕಿತ್ತು. ದಣಿವಷ್ಟೇ ಆಯಿತು.

ಶನಿವಾರ ಸಂಜೆ ಕೊನೆಯ ರೋಗಿ ಎದ್ದ ಮೇಲೆ ಹಳೇ ಜಾಗದ ದೊಡ್ಡ ಪ್ಲಾಂಟು ಬಿಚ್ಚಿದೆವು. ಭಾನುವಾರ ಅದು ಮೇಸ್ತ್ರಿಯ ಪರ್ಸಿಯ ಮೇಲೆ ಕೂತಿತು. ಚೆಲ್ಲಿದ ನೀರು ಹೇಳಿದ ಮಾತು ಕೇಳಿದಂತೆ ಮೋರಿಗೆ ಹರಿಯಿತು. ಫೋಟೊ ಕಳಿಸಿದೆ. ಮೇಸ್ತ್ರಿಯಿಂದ ಉತ್ತರ ಬಂತು: "ಐತ್ವಾರ ನೋಡಿನ್ರಿ. ನೋಡೋದು ಆಗ್ಯಾದ." ನಿಯಮ ಪಾಲಿಸಿದ್ದರು.

ತೊಳೆದದ್ದಾಯಿತು, ಪರೀಕ್ಷೆ ಆಯಿತು, ಉಳಿದ ಮೂರು ಮಷೀನೂ ಬಂದು ಕೂತವು. ಸೋಮವಾರದ ಬಾಗಿಲಿಗೆ ಇಟ್ಟಿದ್ದ ಗಂಟೆಗಳ ಗುಡ್ಡೆ ಬಹುಪಾಲು ಹಾಗೇ ಉಳಿದಿತ್ತು. ಸಂಜೆ ಹಳೇ ಮನೆಯ ಕೋಣೆ ಕೋಣೆ ನೋಡಿ, ಬಾಗಿಲು ಹಾಕಿಸಿ, ಬೀಗದ ಕೈ ಮನೆ ಮಾಲೀಕರ ಕೈಗೇ ಕೊಟ್ಟೆ. ಯಾರಾದರೂ ಮರೆತು ಅಲ್ಲಿಗೆ ಹೋಗಿ ಗೊಂದಲವಾಗಬಾರದಲ್ಲ. ಅವರು ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡು ಬೀದರಿಗೆ ಬಸ್ಸು ಹತ್ತಿದರು.

ಸೋಮವಾರ ಬೆಳಿಗ್ಗೆ ಕರೆಂಟು ಇತ್ತು. ನೀರು ಇತ್ತು. ಬಂದ್ ಇರಲಿಲ್ಲ, ಮಂತ್ರಿ ಬರಲಿಲ್ಲ, ಟೆಕ್ನಿಷಿಯನ್‌ನ ಹೆಂಡತಿ ಆರೋಗ್ಯವಾಗಿದ್ದರು. ಆರು ಮಷೀನುಗಳ ಮೇಲೆ ಆರು ಹಸಿರು ದೀಪ. ಎಲ್ಲರಿಗಿಂತ ಮೊದಲು ಅಕ್ಕನ ಆಟೋ ಬಂತು. ಊದಿದ ಮುಖ, ಗೋಡೆ ಹಿಡಿದ ನಡಿಗೆ. ಹೊಸ ಬಾಗಿಲ ಮುಂದೆ ಚಪ್ಪಲಿ ಬಿಟ್ಟು, ರೂಢಿಯಂತೆ ಬಲಗಡೆ ತಿರುಗಿ, ಒಂದು ಕಾಲೆತ್ತಿದರು.

ಕಾಲು ಗಾಳಿಯಲ್ಲೇ ನಿಂತಿತು.

"ತೂಕ ಎಲ್ಲಿ ಅದ್ರಿ?"

ಸಿಸ್ಟರ್ ನನ್ನನ್ನು ನೋಡಿದರು. ನಾನು ಟೆಕ್ನಿಷಿಯನ್‌ನನ್ನು ನೋಡಿದೆ. ಅವನು ಆರು ಹಸಿರು ದೀಪಗಳನ್ನು ನೋಡಿದ.

ತೂಕದ ಮಷೀನು ಹಳೇ ಮನೆಯ ವರಾಂಡದಲ್ಲೇ, ಬೀಗ ಬಿದ್ದ ಬಾಗಿಲ ಹಿಂದೆ ಇತ್ತು. ನಾನು ಕೋಣೆ ಕೋಣೆ ನೋಡಿದ್ದೆ, ವರಾಂಡ ಕೋಣೆಯಲ್ಲ. ಅದು ಪ್ಲಾಂಟಿನ ಭಾಗವಲ್ಲ, ಡಯಾಲಿಸಿಸ್ ಮಷೀನಲ್ಲ, ಹಾಸಿಗೆಯಲ್ಲ. ಯಾರ ಕೆಲಸದ ಚೌಕದಲ್ಲೂ ಬಿದ್ದಿರಲಿಲ್ಲ. ಇಡೀ ಯೋಜನೆಯನ್ನು ನಾನು ತಿರುಗಿಸಿದ್ದು ಅದರ ಮೇಲೆ ಬಿದ್ದ ಒಂದು ಅಂಕಿ ನೋಡಿ. ತೂಕ ತಿಳಿಯದೆ ಎಷ್ಟು ನೀರು ತೆಗೆಯಬೇಕೆಂದು ಸಿಸ್ಟರ್ ಮಷೀನಿಗೆ ಹೇಳುವಂತಿಲ್ಲ.

"ಅಂದಾಜಿಲೆ ಹಾಕಂಗಿಲ್ರಿ" ಎಂದರು ಸಿಸ್ಟರ್. ನನ್ನನ್ನು ಉದ್ದೇಶಿಸಿ ಅಂದದ್ದಲ್ಲ, ಆದರೂ ನನಗೇ ತಾಗಿತು.

ಎದುರಿಗೆ ತೊಗರಿ ವ್ಯಾಪಾರಿಯೊಬ್ಬರು ಶಟರ್ ಎತ್ತುತ್ತಿದ್ದರು. ಓಡಿದೆ. ನನ್ನ ಮುಖ ನೋಡಿಯೋ ಏನೋ, ಅವರು ಪ್ರಶ್ನೆ ಕೇಳಲಿಲ್ಲ. ಇಬ್ಬರು ಹಮಾಲರು ಚೀಲ ತೂಗುವ ಎಲೆಕ್ಟ್ರಾನಿಕ್ ಕಾಂಟಾ ಎತ್ತಿಕೊಂಡು ರಸ್ತೆ ದಾಟಿದರು. ಸಿಸ್ಟರ್ ವ್ಯಾಪಾರಿಯಿಂದ ಸರ್ಕಾರಿ ಮುದ್ರೆ ಬಿದ್ದ ಕಬ್ಬಿಣದ ತೂಕಗಳನ್ನು ತರಿಸಿ, ಒಂದರ ಮೇಲೊಂದು ಇಟ್ಟು ಪರೀಕ್ಷಿಸಿ, ತೃಪ್ತಿಯಾದ ಮೇಲೆ ಒರೆಸಿ, ಶುಭ್ರವಾದ ಬಟ್ಟೆ ಹಾಸಿ, ಕಾಂಟಾವನ್ನು ಸೊನ್ನೆಗೆ ತಂದರು.

ಅಕ್ಕ ಹತ್ತಿ ನಿಂತರು. ಶುಕ್ರವಾರಕ್ಕಿಂತ ಮೂರು ಕಿಲೋ ಮೇಲೆ, ಸ್ವಲ್ಪ ಜಾಸ್ತಿಯೇ.

"ಇವತ್ತು ತೊಗರಿ ಭಾವ ಏನದ್ರಿ ಶೇಠ್ಜಿ?" ಎಂದು ಕಾಂಟಾದ ಹಿಂದೆಯೇ ಬಂದಿದ್ದ ವ್ಯಾಪಾರಿಯನ್ನು ಅಲ್ಲಿಂದಲೇ ಕೇಳಿದರು.

"ಹಸಿ ಮಾಲು ತಗೊಳ್ಳಂಗಿಲ್ಲ ಅಕ್ಕಾ. ಒಣಗಿಸ್ಕೊಂಡು ಬರ್ರಿ."

ಅಕ್ಕ ನಕ್ಕರು. ಉಸಿರು ಹತ್ತದೆ ನಗು ಅರ್ಧಕ್ಕೆ ನಿಂತಿತು. ಸಿಸ್ಟರ್ ಕೈ ಹಿಡಿದು ಒಳಗೆ ಕರೆದೊಯ್ದರು. ಸೂಜಿ ಚುಚ್ಚಿದ್ದಾಯಿತು, ಮಷೀನು ತಿರುಗತೊಡಗಿತು. ಪಾರದರ್ಶಕ ನಳಿಕೆ ಕೆಂಪಾಯಿತು. ಸ್ವಲ್ಪ ಹೊತ್ತಾದ ಮೇಲೆ ಅಕ್ಕನ ಭುಜ ಇಳಿಯಿತು, ಕಣ್ಣು ಮುಚ್ಚಿದರು. ನಾನು ಹೊರಗೆ ಬಂದು ಮನೆ ಮಾಲೀಕರಿಗೆ ಫೋನು ಮಾಡಿದೆ. ಬೀಗದ ಕೈ ಅವರ ಜೇಬಿನಲ್ಲೇ ಬೀದರಿನಲ್ಲಿತ್ತು. ಬಾಗಿಲಲ್ಲಿ ಬಂದು ನಿಂತೆ.

"ಏನಂದ್ರು? ನಮ್ಮ ತೂಕ ಯಾವಾಗ ಬರ್ತದಂತ?" ಎಂದರು ಸಿಸ್ಟರ್.

"ಪರ್ಸೋಂ" ಎಂದೆ.

ಅಕ್ಕ ಕಣ್ಣು ತೆರೆಯಲಿಲ್ಲ. "ಯಾವ ಕಡಿದ್ರೀ ಸಾಹೇಬ್ರ? ಹಿಂದಿಂದೋ, ಮುಂದಿಂದೋ?"